ಸುಳಿಯಲ್ಲಿ ಸಿಕ್ಕ ಒಡಹುಟ್ಟಿದವರು

ಅಂಬಿಗ ಸಾಬಣ್ಣನ ಕೈಯಿಂದ ಹುಟ್ಟು ಜಾರಿ ಭೀಮಾ ನದಿಗೆ ಬಿತ್ತು. ನಮ್ಮ ಹರಿಗೋಲು ಸುಳಿಗೆ ಸಿಕ್ಕು ಬುಗುರಿಯಂತೆ ಗರಗರ ತಿರುಗತೊಡಗಿತು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ಹಿಂದೂ, ಮುಸ್ಲಿಮರು ಇನ್ನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬಳೆ ಮಾರುವ ಹುಸೇನಬಿ ಒಂದು ಬದಿಗೆ, ಶಾಲೆಯ ಶಿಕ್ಷಕಿಯಾದ ನಾನು ಇನ್ನೊಂದು ಬದಿಗೆ ಕೂತಿದ್ದೆವು. ಜೊತೆಗೆ ಒಬ್ಬ ಕುರಿಗಾಹಿ, ಮತ್ತೆ ಎಲ್ಲ ಧರ್ಮಗಳ ತಿರುಳು ಒಂದೇ ಎನ್ನುವ ಥಿಯೋಸಫಿಯ ಬಗ್ಗೆ ಭಾಷಣ ಮಾಡಲು ಯಾದಗಿರಿಗೆ ಹೊರಟಿದ್ದ ಶಹಾಪುರದ ವಕೀಲರು. ಜಾತಿ ಮತ ಯಾವುದೇ ಇರಲಿ, ಮನುಷ್ಯರೆಲ್ಲ ಒಡಹುಟ್ಟಿದವರು ಎಂದು ಅವರು ದಂಡೆ ಬಿಟ್ಟಾಗಿನಿಂದ ಹೇಳುತ್ತಲೇ ಇದ್ದರು. ಆದರೆ ಕುರಿಗಾಹಿಗೆ ತಾಗದಂತೆ ಧೋತರ ಮುದುರಿಕೊಂಡಿದ್ದರು.

"ಮಾತ್ ಸಾಕ್ರಿ ವಕೀಲಸಾಬ್ರ! ಎಲ್ಲಾರೂ ಕೈ ಕೈ ಹಿಡಕೊಂಡು ನಡುವ ಕುಂದರ್ರಿ, ಇಲ್ಲಾಂದ್ರ ಮುಳಗತೀವಿ!" ಎಂದು ಸಾಬಣ್ಣ ಕೂಗಿದ.

ವಕೀಲರು ಕುರಿಗಾಹಿಯನ್ನು ತಬ್ಬಿಕೊಂಡೇ ಬಿಟ್ಟರು. ನಾನು ಹುಸೇನಬಿಯ ಕೈ ಗಟ್ಟಿಯಾಗಿ ಹಿಡಿದೆ. ಆಕಾಶ, ದಂಡೆ, ಬಂಡೆ ಎಲ್ಲವೂ ಸುತ್ತುತ್ತಿದ್ದವು.

"ಅಕ್ಕಾರ, ಈಗ ನೋಡ್ರಿ, ಅವರಿಬ್ರು ಖರೇನ ಅಣ್ಣತಮ್ಮರಂಗ ಕಾಣಾಕತ್ತಾರ!" ಎಂದಳು ಹುಸೇನಬಿ.

ನಾನು ಪಕ್ಕನೆ ನಕ್ಕೆ. ಕುರಿಗಾಹಿ ನಕ್ಕ. ಕೊನೆಗೆ ವಕೀಲರೂ ನಗತೊಡಗಿದರು. ಹರಿಗೋಲು ಮರಳದಿಬ್ಬಕ್ಕೆ ತಾಗಿ ನಿಂತ ಮೇಲೂ ತಲೆ ತಿರುಗುತ್ತಿತ್ತು, ನಗು ನಿಲ್ಲಲಿಲ್ಲ. ಆ ಸಂಜೆ ವಕೀಲರು ಬರೆದುಕೊಂಡಿದ್ದ ಭಾಷಣ ಬಿಟ್ಟು ಇದನ್ನೇ ಹೇಳಿ ಸಭೆಯನ್ನೂ ನಗಿಸಿದರು.

ಮುಂದಿನ ವಾರ ಹುಸೇನಬಿ ನಮ್ಮ ಮನೆಗೆ ಬಂದು ಅವ್ವನಿಗೂ ನನಗೂ ಹಸಿರು ಬಳೆ ತೊಡಿಸಿದಳು. ಆಮೇಲೆ ಬರುತ್ತಲೇ ಇದ್ದಳು. ಅವಳ ಮಗಳು ಇಂದಿಗೂ ನನ್ನನ್ನು 'ಖಾಲಾ' ಎಂದೇ ಕರೆಯುತ್ತಾಳೆ. ಖಾಲಾ ಎಂದರೆ ತಾಯಿಯ ಒಡಹುಟ್ಟಿದವಳು.