ಪೆಟ್ಟು ತಿಂದ ಕರಾಟೆ ಮಾಸ್ಟರ್

ರಂಗಸ್ವಾಮಿ ಮಾಸ್ಟರ್ ಯಾವತ್ತೂ ಬಾಗಿಲಿಗೆ ಬೆನ್ನು ಹಾಕಿ ಕೂತವರಲ್ಲ. ಜಯನಗರದ ದರ್ಶಿನಿಯಲ್ಲಿ ಕಾಫಿ ಕುಡಿಯುವಾಗಲೂ ಗೋಡೆಗೆ ಒರಗಿ ನಿಂತು, ಒಳಗೆ ಬಂದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿಯೇ ಲೋಟವನ್ನು ತುಟಿಗಿಡುತ್ತಿದ್ದರು. ಅರವತ್ತು ದಾಟಿದ, ಬೊಕ್ಕ ತಲೆಯ ಕುಳ್ಳ ಮನುಷ್ಯ. ಅವರ ಕಪ್ಪು ಬೆಲ್ಟು ಎಷ್ಟು ಸವೆದಿತ್ತೆಂದರೆ ಒಳಗಿನ ಬಿಳಿ ನೂಲು ಕಾಣುತ್ತಿತ್ತು. ವರ್ಷಗಟ್ಟಲೆ ಕಟ್ಟಿದರೆ ಹಾಗಾಗುತ್ತದೆ ಎಂದು ಹಳೆಯ ಶಿಷ್ಯರು ಹೆಮ್ಮೆಯಿಂದ ಹೇಳುತ್ತಿದ್ದರು. ಯಾರೋ ಬಿಸಾಡಿದ್ದನ್ನು ಎತ್ತಿಕೊಂಡಿರಬೇಕು ಎಂದು ನನ್ನ ಗುಮಾನಿ.

ಅನುಮಾನ ನನ್ನ ಹುಟ್ಟುಗುಣ. ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಅದು ಇನ್ನಷ್ಟು ಬಲಿತಿತ್ತು. ಕಾರಣವೂ ಇತ್ತು. ಆಫೀಸು ಮುಗಿಸಿ ಬಸ್ಸಿಳಿದರೆ ಒಬ್ಬ ಮನುಷ್ಯ ಮನೆಯ ತಿರುವಿನವರೆಗೂ ಹಿಂದೆ ಬರುತ್ತಿದ್ದ. ಊರಿಗೆ ತಿಳಿಸಿದರೆ ನೌಕರಿ ಬಿಟ್ಟು ಬಾ ಎನ್ನುತ್ತಿದ್ದರು. ಹಾಗಾಗಿ ಯಾರಿಗೂ ಹೇಳದೆ ಕರಾಟೆ ಸೇರಿದೆ. ಈ ಮಾಸ್ಟರು ಅಸಲಿಯೋ ನಕಲಿಯೋ ಎನ್ನುವುದು ನನಗೆ ತಮಾಷೆಯ ಪ್ರಶ್ನೆಯಾಗಿರಲಿಲ್ಲ.

ವಿಲ್ಸನ್ ಗಾರ್ಡನ್ನಿನ ಗರಡಿಯಲ್ಲಿ ಮೈ ಪಳಗಿಸಿಕೊಂಡದ್ದು, ಕಾರ್ಖಾನೆಯ ಶಿಫ್ಟು ಮುಗಿಸಿ ಕರಾಟೆ ಕಲಿತದ್ದು, ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳಿಗೆ ಕಲಿಸುತ್ತಲೇ ತಲೆ ಬೋಳಾದದ್ದು, ನಿವೃತ್ತಿಯಾದ ಮೇಲೆ ಜಯನಗರದ ಈ ಮಹಡಿಯ ಹಾಲ್ ಬಾಡಿಗೆಗೆ ಹಿಡಿದದ್ದು, ಎಲ್ಲವನ್ನೂ ಅವರೇ ಹೇಳಿದ್ದು. ಸಾಕ್ಷಿ ಯಾರೂ ಇರಲಿಲ್ಲ. ಅವರ ಪಾಠವೂ ವಿಚಿತ್ರವಾಗಿತ್ತು.

"ಮೊದ್ಲು ಕಣ್ಣು, ನೋಡೋಕೆ. ಆಮೇಲೆ ಗಂಟಲು, ಕೂಗೋಕೆ. ಆಮೇಲೆ ಕಾಲು. ಕೈ ಕೊನೇಗೆ. ಓಡೋಕೆ ಜಾಗ ಇದ್ರೆ ಓಡಮ್ಮ. ನಾಚಿಕೆ ಮನೆಗೆ ಹೋಗಿ ಪಟ್ಕೋಬಹುದು."

ಓಡುವುದನ್ನು ಕಲಿಯಲು ಕರಾಟೆ ಯಾಕೆ? ಮುಷ್ಟಿ ಬೀಸಿದರೆ ಎದುರಿನವರ ಮೂಗಿನ ಹತ್ತಿರ ಬಂದು ನಿಲ್ಲಬೇಕಿತ್ತು. ತಾಗಿದರೆ ಬೈಗುಳ. "ತಾಗ್ಸೋಕೆ ಯಾರಿಗ್ ಬೇಕಾದ್ರೂ ಬರುತ್ತೆ. ನಿಲ್ಸೋಕ್ ಬರುತ್ತಾ?" ಜೀವಮಾನದಲ್ಲಿ ಇವರು ಯಾರಿಗೂ ಹೊಡೆದಿಲ್ಲವೇನೋ ಎಂದು ನನಗೆ ಆಗಲೇ ಅನಿಸಿತ್ತು.

ಒಂದು ಭಾನುವಾರ ಕ್ಲಾಸು ಮುಗಿಸಿ ಎಲ್ಲರೂ ಕೆಳಗಿಳಿದಿದ್ದೆವು. ಮಾಸ್ಟರು ಸ್ಕೂಟರನ್ನು ಹಿಂದಕ್ಕೆ ತೆಗೆಯುವಾಗ ಅದು ಒಬ್ಬನ ಬೈಕಿಗೆ ತಗುಲಿತು. ಅವನು ಇಳಿದವನೇ ಮಾಸ್ಟರ ಕೆನ್ನೆಗೆ ಬಾರಿಸಿದ. ಹಿರಿಯ ಶಿಷ್ಯ ಪ್ರಶಾಂತ, ಹೆಗಲಲ್ಲಿ ಬ್ಯಾಗು ಹಾಕಿಕೊಂಡಿದ್ದವನು, ಮುಂದೆ ನುಗ್ಗಿದ. ಮಾಸ್ಟರು ಪ್ರಶಾಂತನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇನ್ನೊಂದು ಕೈಯನ್ನು ಎದೆಗಿಟ್ಟುಕೊಂಡು, "ತಪ್ಪಾಯ್ತು ಗುರು, ಹೊರಡಪ್ಪ" ಎಂದು ಬೈಕಿನವನಿಗೆ ಹೇಳಿದರು. ದನಿ ನಡುಗುತ್ತಿತ್ತು. ಭಯಕ್ಕೆ ಶಿಷ್ಯನ ಆಸರೆ ಹಿಡಿದಿದ್ದಾರೆ ಎಂದೇ ನಾವೆಲ್ಲ ತಿಳಿದೆವು. ಯೂನಿಫಾರ್ಮು ತೊಟ್ಟು ರಸ್ತೆಯಲ್ಲಿ ನಿಂತಿದ್ದ ನಮಗೆ ಮುಖ ಎತ್ತಲಾಗಲಿಲ್ಲ.

ಮುಂದಿನ ವಾರ ಕ್ಲಾಸು ಅರ್ಧ ಖಾಲಿ. "ತಮ್ಮ ಕೆನ್ನೆನೇ ಉಳಿಸ್ಕೊಳ್ಳೋಕಾಗ್ದೋರು ನಮ್ ಮಕ್ಕಳಿಗೇನ್ ಹೇಳ್ಕೊಡ್ತಾರೆ?" ಎಂದು ಒಬ್ಬ ತಂದೆ ಬಾಗಿಲಲ್ಲೇ ಅಂದು ಮಗಳನ್ನು ಕರೆದುಕೊಂಡು ಹೋದರು. ಮಾಸ್ಟರು ಉಳಿದವರನ್ನು ಲೈನಲ್ಲಿ ನಿಲ್ಲಿಸತೊಡಗಿದರು. ನಾನು ಬಿಡಲಿಲ್ಲ.

"ಸರ, ಅಂವ ಹೊಡದಾಗ ಅಂಜಿದ್ರೇನ್ರಿ?"

"ಹೂಂ ಕಣಮ್ಮ, ಹೆದರಿದ್ದೆ. ಅವನ ಒಂದು ಕೈ ಜೇಬಲ್ಲಿತ್ತು. ಒಳಗೆ ಏನಿತ್ತೋ ಏನೋ."

"ನಂಗ ಕಾಣ್ಲಿಲ್ರಿ."

"ನಿಂಗೆ ಕಾಣ್ಲಿಲ್ಲ, ನಂಗೆ ಕಾಣ್ತು. ಹೋಗು, ಲೈನಲ್ಲಿ ನಿಂತ್ಕೋ."

ನನಗೆ ನಂಬಿಕೆ ಬರಲಿಲ್ಲ. ಏಟು ತಿಂದ ಮೇಲೆ ಕಟ್ಟಿದ ಕತೆ ಅದು ಎನಿಸಿತು. ಆದರೂ ಬೇರೆ ಕ್ಲಾಸು ಹುಡುಕುವ ಪುರಸೊತ್ತಿಲ್ಲದೆ ಅಲ್ಲೇ ಉಳಿದೆ. ಒಂದು ಸಂಜೆ ಬಸ್‌ಸ್ಟಾಪಿನ ಬಳಿ ತಿರುಗಿ ನಿಂತು, ಹಿಂದೆ ಬರುತ್ತಿದ್ದವನ ಮುಖವನ್ನೇ ನೋಡಿ, "ಏನ್ ಬೇಕೋ ನಿನಗ?" ಎಂದು ಕಿರುಚಿದೆ. ಬೇಕರಿಯವರು ಹೊರಗೆ ಬಂದರು. ಅವನು ಆಮೇಲೆ ಕಾಣಲಿಲ್ಲ. ವಿಷಯ ತಿಳಿಸಿದಾಗ ಮಾಸ್ಟರು ಶಹಬ್ಬಾಸ್ ಕೂಡ ಹೇಳದೆ, "ಬಸ್‌ಸ್ಟಾಪ್ ಬದಲಾಯ್ಸು" ಎಂದರು. ಅವನನ್ನೂ ನಂಬಲಿಲ್ಲ, ನನ್ನ ಗೆಲುವನ್ನೂ ನಂಬಲಿಲ್ಲ.

ಹೋದ ವರ್ಷ ತಲಘಟ್ಟಪುರದ ಮಗಳ ಮನೆಯಲ್ಲಿ ಮಾಸ್ಟರು ಹೃದಯಾಘಾತದಿಂದ ತೀರಿಕೊಂಡರು. ನಾನು ಹೋದಾಗ ಪ್ರಶಾಂತ ಶಾಮಿಯಾನದ ಕೆಳಗೆ ಒಬ್ಬನೇ ಕೂತಿದ್ದ. ಮಾತಿಗೆ ಮಾತು ಬಂದು, ಆ ಜೇಬಿನ ಕತೆಯನ್ನು ನಾನು ಕೊನೆಗೂ ನಂಬಲಿಲ್ಲ ಎಂದೆ. ಅವನು ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಜೇಬಲ್ಲಿ ಏನೂ ಇರ್ಲಿಲ್ಲ ಅಕ್ಕ. ಚಾಕು ನನ್ನ ಬ್ಯಾಗಲ್ಲಿತ್ತು. ಆಗ ನಮ್ ಏರಿಯಾ ಹುಡುಗರ ಜೊತೆ ಜಗಳ ನಡೀತಿತ್ತು, ಅದಕ್ಕೇ ಇಟ್ಕೊಂಡಿದ್ದೆ. ಸಾರ್‌ಗೆ ಹೊಡೆದಿದ್ದು ನೋಡಿ ಕೈ ಒಳಗೆ ಹಾಕ್ಬಿಟ್ಟಿದ್ದೆ. ಸಾರ್ ನನ್ನ ಕೈ ಹಿಡ್ಕೊಂಡಿದ್ದು ಅದನ್ನ ತಡೆಯೋಕೆ. ಸಂಜೆ ಮನೆಗೆ ಬಂದು ಅದನ್ನ ಇಸ್ಕೊಂಡ್ ಹೋದ್ರು. ಯಾರಿಗೂ ಹೇಳ್ಲಿಲ್ಲ."

ಮಾಸ್ಟರು ಸುಳ್ಳು ಹೇಳಿದ್ದಾರೆಂಬ ನನ್ನ ಅನುಮಾನ ನಿಜವಾಗಿತ್ತು. ಹೇಡಿ ಎನಿಸಿಕೊಂಡು, ಅರ್ಧ ಶಿಷ್ಯರನ್ನು ಕಳೆದುಕೊಂಡು, ಈ ಹುಡುಗನ ಹೆಸರು ಹೊರಗೆ ಬಾರದಂತೆ ನೋಡಿಕೊಂಡಿದ್ದರು. ಈಗ ಆ ಕ್ಲಾಸನ್ನು ನಡೆಸುತ್ತಿರುವವನು ಪ್ರಶಾಂತನೇ.

"ಈಗ ಏನೈತೋ ಬ್ಯಾಗಿನ್ಯಾಗ?" ಎಂದೆ.

"ನೀರಿನ ಬಾಟ್ಲು, ಟವೆಲ್ಲು. ಅಷ್ಟೇ ಅಕ್ಕ."

ನಾನು ನಂಬಲಿಲ್ಲ. ಅವನ ತೊಡೆಯ ಮೇಲಿದ್ದ ಬ್ಯಾಗನ್ನು ಎಳೆದುಕೊಂಡು ಜಿಪ್ಪು ತೆಗೆದು, ಕೈ ಹಾಕಿ ತಳದವರೆಗೂ ಹುಡುಕಿದೆ. ಅವನು ತಡೆಯಲಿಲ್ಲ. ನೀರಿನ ಬಾಟಲಿ, ಟವೆಲ್ಲು, ಅಷ್ಟೇ ಇತ್ತು. ಮಾಸ್ಟರ ಮಗಳು ಬಾಗಿಲಿಗೆ ಬಂದು ನೋಡುವ ಹೊತ್ತಿಗೆ ನಾನು ಆ ಟವೆಲ್ಲನ್ನೇ ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದೆ.