ಬೇಕೆಂದೇ ಬರೆದ ತಪ್ಪು

ಗಣಿತ ಕಲಿಸಲು ನನಗೆ ಗೊತ್ತಿದ್ದದ್ದು ಒಂದೇ ಉಪಾಯ. ಲೆಕ್ಕ ಬಿಡಿಸುವಾಗ ನಡುವೆ ಬೇಕೆಂದೇ ಒಂದು ಸಾಲು ತಪ್ಪು ಬರೆಯುವುದು. ಹಿಡಿದವರು ಎದ್ದು ಬಂದು ತಾವೇ ತಿದ್ದಬೇಕು. ಬಾಯಿ ಬಿಟ್ಟರೆ ಎಲ್ಲಿ ಬೈಸಿಕೊಳ್ಳುತ್ತೇವೋ ಎಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವ ಹುಡುಗಿಯರೂ ಟೀಚರ್ ಮಾಡಿದ ತಪ್ಪು ಎಂದರೆ ಮೈಯೆಲ್ಲ ಕಣ್ಣಾಗುತ್ತಿದ್ದರು.

ಅಜ್ಜಂಪುರದಲ್ಲಿ, ಸ್ಟೇಷನ್ನಿಗೆ ಹೋಗುವ ರಸ್ತೆಯ ಟ್ಯೂಷನ್ ಕೇಂದ್ರವೊಂದರಲ್ಲಿ ಹತ್ತನೇ ತರಗತಿಯವರಿಗೆ ಹೇಳಿಕೊಡುತ್ತಿದ್ದೆ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಮಾಲೀಕರು ಒಂದು ದಿನ ಟ್ಯಾಬ್ ತಂದುಕೊಟ್ಟರು. ಅದರ ಪೆನ್ನಿನಲ್ಲಿ ಬರೆದದ್ದು ಗೋಡೆಯ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು. ಮನೆಯಲ್ಲಿ ಅಡುಗೆ ಮುಗಿಸಿ ಕೂತು ಇಡೀ ಪಠ್ಯದ ಲೆಕ್ಕಗಳನ್ನು ನನ್ನ ಕೈಬರಹದಲ್ಲೇ ಬಿಡಿಸಿಟ್ಟೆ, ಪುಟಕ್ಕೊಂದು ತಪ್ಪು ಬಿಟ್ಟು. ತರಗತಿಯಲ್ಲಿ ತಪ್ಪು ಹಿಡಿದವರ ಕೈಗೆ ಪೆನ್ ಕೊಡುತ್ತಿದ್ದೆ. ಆ ಪೆನ್ನಿಗಾಗಿ ಎಂಥ ಪೈಪೋಟಿ! ಎಲ್ಲರೂ ಹೋದ ಮೇಲೆ ತಿದ್ದಿದ್ದನ್ನು ಅಳಿಸಿ, ತಪ್ಪನ್ನು ಮೊದಲಿನಂತೆಯೇ ತಂದಿಡುತ್ತಿದ್ದೆ. ಮುಂದಿನ ಬ್ಯಾಚಿಗೂ ಅದು ಬೇಕಲ್ಲ.

ಹೀಗಾಗಿ ನನ್ನ ಫೈಲುಗಳಲ್ಲಿ ಉಳಿಯುತ್ತಿದ್ದದ್ದು ತಪ್ಪೇ. ಪಕ್ಕದಲ್ಲಿ ನಾನಿರುತ್ತೇನಲ್ಲ ಎಂಬ ಧೈರ್ಯ. ಎಂಥ ಧೈರ್ಯವೋ.

ಮಾಲೀಕರು ತರೀಕೆರೆಯಲ್ಲೂ ಕಡೂರಿನಲ್ಲೂ ಕೇಂದ್ರ ತೆರೆದರು. ಪರದೆಯ ಮೇಲೆ ಪುಟ ಸರಿಸಲು ಆಗತಾನೇ ಡಿಗ್ರಿ ಮುಗಿಸಿದವರನ್ನು ಇಟ್ಟುಕೊಂಡರು. ಆಮೇಲೆ ನನ್ನನ್ನು ಕರೆದು, ಕಾಫಿ ತರಿಸಿದರು.

"ನಾಳೆಯಿಂದ ನೀವು ಬರೋದ್ಬೇಡ ಮೇಡಂ. ನೋಟ್ಸೆಲ್ಲಾ ರೆಡಿ ಐತಲ್ಲ, ಹುಡುಗ್ರು ತೋರಿಸ್ಕೊಂಡು ಹೋಗ್ತಾರೆ."

ಕಾಫಿ ಲೋಟ ಕೆಳಗಿಟ್ಟೆ. ಮೊದಲು ಬಾಯಿಗೆ ಬಂದದ್ದು ಕೆಲಸದ ಮಾತಲ್ಲ. "ಸಾರ್, ಪುಟಕ್ಕೊಂದು ಸಾಲು ಬೇಕಂತ್ಲೇ ತಪ್ಪು ಬರ್ದಿದೀನಿ. ಎರಡು ದಿನ ಟ್ಯಾಬ್ ನನ್ ಹತ್ರ ಇರ್ಲಿ, ಎಲ್ಲಾ ತಿದ್ದಿಕೊಡ್ತೀನಿ."

ಅವರು ನಕ್ಕರು. "ಕೆಲ್ಸ ಉಳಿಸ್ಕೊಳ್ಳೋಕೆ ಏನೇನ್ ಕತೆ ಕಟ್ತೀರಾ ಮೇಡಂ. ಯಾರಾದ್ರೂ ಬೇಕಂತ ತಪ್ಪು ಬರೀತಾರಾ?"

ಟ್ಯಾಬನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದೆ. ತರೀಕೆರೆಯಲ್ಲಿ ಪಾಠ ಮಾಡುವವನಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಸಾರ್‌ನ ಕೇಳಿ ಮೇಡಂ, ನಂಗ್ಯಾಕೆ" ಎಂದ. ಕೇಂದ್ರದವರು ಮಕ್ಕಳಿಗೆಂದು ಆನ್‌ಲೈನ್‌ನಲ್ಲಿ ಹಾಕಿರುವ ಆ ಪುಟಗಳು ಈಗಲೂ ನನ್ನ ಫೋನಿನಲ್ಲಿ ತೆರೆಯುತ್ತವೆ. ನೋಡಬಹುದು, ತಿದ್ದುವ ಹಾಗಿಲ್ಲ. ಆ ಅನುಮತಿಯನ್ನು ಕಿತ್ತುಕೊಂಡಿದ್ದಾರೆ. ನನ್ನದೇ ಅಕ್ಷರದ ಮೇಲೆ ಬೆರಳಿಟ್ಟು ತಟ್ಟಿದರೆ ತಪ್ಪು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

ಮೊನ್ನೆ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿ ಫೋನ್ ಹಿಡಿದು ಏನೋ ಬಾಯಿಪಾಠ ಮಾಡುತ್ತಿದ್ದಳು. ಬಗ್ಗಿ ನೋಡಿದೆ. ನನ್ನ ಪುಟ. ಬ್ರಾಕೆಟ್ಟಿನೊಳಗೆ ಎಕ್ಸ್ ಮೈನಸ್ ಮೂರು, ಹೊರಗೆ ಎರಡು. ಬ್ರಾಕೆಟ್ ಬಿಡಿಸುವಾಗ ಮೂರನ್ನು ಎರಡರಿಂದ ಗುಣಿಸದೆ ಹಾಗೇ ಬಿಟ್ಟವಳು ನಾನೇ. "ಎರಡು ಎಕ್ಸ್ ಮೈನಸ್ ಮೂರು" ಎಂದು ಅವಳು ಕಣ್ಣು ಮುಚ್ಚಿ ಹೇಳಿಕೊಂಡಳು.

"ಅಲ್ಲಿ ಮೂರಲ್ಲ ಕಣಮ್ಮ, ಆರು ಬರ್ಬೇಕು" ಎಂದೆ.

"ನಂಗೂ ಆರೇ ಬಂದಿತ್ತು ಆಂಟಿ" ಎಂದಳು. "ಆಮೇಲೆ ಹೊಡ್ದಾಕಿ ಇದನ್ನೇ ಬರ್ಕೊಂಡೆ. ಇದು ಅಜ್ಜಂಪುರದ ಮೇಡಂ ಬರ್ದಿರೋದು. ಅವ್ರು ತಪ್ಪು ಬರಿಯಲ್ವಂತೆ, ನಮ್ ಸಾರ್ ಹೇಳಿದ್ರು."

"ಆ ಮೇಡಂ ನಾನೇ ಕಣೇ."

ಅವಳು ನನ್ನ ಮುಖ ನೋಡಿದಳು, ಕಾಲ ಬಳಿ ಇದ್ದ ತರಕಾರಿ ಚೀಲ ನೋಡಿದಳು. "ಹೌದಾ ಆಂಟಿ" ಎಂದು ಮರ್ಯಾದೆಗೆ ನಕ್ಕಳು. ತಪ್ಪನ್ನು ಹಿಡಿದಿದ್ದ ಮಗು ಅದು. ನನ್ನ ತರಗತಿಯಲ್ಲಾಗಿದ್ದರೆ ಅವತ್ತು ಪೆನ್ ಅವಳದಾಗುತ್ತಿತ್ತು. ಈಗ ಅವಳು ಫೋನನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನನಗೆ ಕೇಳಿಸದ ಹಾಗೆ, ಮೂರು ಎಂದೇ ಮತ್ತೆ ಬಾಯಿಪಾಠ ಮಾಡತೊಡಗಿದಳು.