ಗೆಳೆಯರು ಊರಲ್ಲಿಲ್ಲದ ವಾರ

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಕೂಡ್ಲಿಗಿ, ಹಡಗಲಿ ಕಡೆಯಿಂದಲೂ ನನ್ನ ಅಂಗಡಿಗೆ ಬರುತ್ತವೆ. ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಎಷ್ಟು ಸುತ್ತು ಎಂಬ ಲೆಕ್ಕ ತಪ್ಪಬಾರದು, ಅಷ್ಟೇ. ಉಳಿದದ್ದೆಲ್ಲ ಕೈಗೆ ತಾನೇ ಗೊತ್ತಿರುತ್ತದೆ.

ನನಗೆ ಇಬ್ಬರು ಗೆಳೆಯರು. ಒಬ್ಬ ಪಿ.ಟಿ. ಮಾಸ್ತರ, ಇನ್ನೊಬ್ಬ ಬಟ್ಟೆ ಅಂಗಡಿಯವ. ಮೂವರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಭಾನುವಾರ ಸಂಜೆ ಕೂಡ್ಲಿಗಿ ರಸ್ತೆಯ ಡಾಬಾದಲ್ಲಿ ಸೇರುವುದು ಎಷ್ಟೋ ವರ್ಷದ ರೂಢಿ. ಎರಡು ಪೆಗ್ಗು, ಒಂದು ಪ್ಲೇಟ್ ಶೇಂಗಾ, ಹೊಟ್ಟೆ ತುಂಬ ನಗು. ಆಮೇಲೆ ಬುಧವಾರವೂ ಸೇರಿಕೊಂಡಿತು. ಕ್ರಿಕೆಟ್ಟಿನಲ್ಲಿ ನಮ್ಮವರು ಗೆದ್ದರೆ ಖುಷಿಗೆ, ಸೋತರೆ ದುಃಖಕ್ಕೆ. ಕರೆಂಟು ಹೋದರೆ ಕೆಲಸವಿಲ್ಲವೆಂದು, ಬಂದರೆ ಕೆಲಸ ಮುಗಿಯಿತೆಂದು. ಕಾರಣ ಹುಡುಕುವುದರಲ್ಲಿ ನಾನು ಇಬ್ಬರಿಗಿಂತ ಚುರುಕಿದ್ದೆ. ಅವರಿಗೆ ವಾರಕ್ಕೆ ಎರಡು ದಿನ ಸಾಕಾಗಿದ್ದರೂ ನಾನು ಇಬ್ಬರಲ್ಲಿ ಒಬ್ಬರನ್ನು ಎಳೆದುಕೊಂಡು ದಿನಾ ಹೋಗುವಂತಾದದ್ದು ಯಾವಾಗಿನಿಂದ ಎಂಬುದು ನೆನಪಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, “ಇವತ್ತ ಯಾವ ಹಬ್ಬರಿ?” ಎಂದು ಕೇಳುತ್ತಿದ್ದಳು. ನಾನು ನಕ್ಕುಬಿಡುತ್ತಿದ್ದೆ. ಒಬ್ಬನೇ ಕೂತು ಕುಡಿಯುವವನು ಕುಡುಕ, ನಾನು ಜೊತೆಗಾಗಿ ಕುಡಿಯುವವನು ಎಂಬುದು ನನ್ನ ಗಟ್ಟಿ ನಂಬಿಕೆ.

ಎರಡು ವರ್ಷದ ಹಿಂದೆ ಒಂದು ವಾರ ಇಬ್ಬರೂ ಊರಲ್ಲಿರಲಿಲ್ಲ. ಮಾಸ್ತರ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಕ್ರೀಡಾಕೂಟಕ್ಕೆ ಹೋಗಿದ್ದ. ಬಟ್ಟೆ ಅಂಗಡಿಯವ ಮಗಳ ಬಾಣಂತನಕ್ಕೆಂದು ಹೆಂಡತಿಯೊಂದಿಗೆ ದಾವಣಗೆರೆಗೆ ಹೋಗಿದ್ದ. ಒಳ್ಳೆಯದೇ ಆಯಿತು, ಒಂದು ವಾರ ಸಂಜೆ ಮನೆಯಲ್ಲೇ ಇರೋಣ ಎಂದುಕೊಂಡೆ. ಸೋಮವಾರ ಆರು ಗಂಟೆಗೆ ಸರಿಯಾಗಿ ಡಾಬಾದಲ್ಲಿದ್ದೆ.

ಡಾಬಾದವನು ಅಭ್ಯಾಸದಂತೆ ಮೂರು ಗ್ಲಾಸು ತಂದಿಟ್ಟು, ಉಳಿದವರು ಎಲ್ಲಿ ಎಂದು ಕೇಳಿದ. ಬರ್ತಾರ ಎಂದೆ. ಒಂದು ಗ್ಲಾಸು ಮುಗಿಯಿತು, ಮತ್ತೊಂದು ಮುಗಿಯಿತು. ನಡುವೆ ಫೋನು ಕಿವಿಗಿಟ್ಟುಕೊಂಡು, ಎಲ್ಲಿದ್ದೀರಲೇ, ಬೇಗ ಬರ್ರಿ ಎಂದು ಯಾರೂ ಇಲ್ಲದ ಫೋನಿಗೆ ಹೇಳಿದೆ. ಮಂಗಳವಾರವೂ ಹೋದೆ, ಬುಧವಾರವೂ ಹೋದೆ. ಬುಧವಾರ ಆತ ಒಂದೇ ಗ್ಲಾಸು ತಂದ.

ಮನೆಯ ದಾರಿಯುದ್ದಕ್ಕೂ ನನಗೆ ಕುಡಿದದ್ದರ ನಾಚಿಕೆಯಾಗಲಿಲ್ಲ. ಡಾಬಾದವನಿಗೆ ಸುಳ್ಳು ಹೇಳಿದ್ದರ ನಾಚಿಕೆಯಾಯಿತು. ಅವನಿಗೇಕೆ ಸುಳ್ಳು ಹೇಳಬೇಕಿತ್ತು? ಅವನೇನು ನನ್ನ ಮಾವನೇ? ಮರುದಿನ ಒಂದು ಮೋಟಾರಿಗೆ ತಂತಿ ಸುತ್ತುವಾಗ ಲೆಕ್ಕ ಮೂರು ಸಲ ತಪ್ಪಿತು. ಮೂರನೆಯ ಸಲ ಬಿಚ್ಚಿದ ತಂತಿಯನ್ನು ನೆಲಕ್ಕೆ ಹಾಕಿ, ಇವತ್ತಿನಿಂದ ಕುಡಿತ ಬಂದ್ ಎಂದೆ.

ಬಂದ್ ಮಾಡುವುದು ಅಷ್ಟು ಸುಲಭವಿರಲಿಲ್ಲ. ಶನಿವಾರ ಬೆಳಿಗ್ಗೆ ಮೈಯೆಲ್ಲ ಬೆವರು, ಕೈ ನಡುಗಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಪಿತ್ತ ಇರಬೇಕು ಎಂದೆ. ಹೆಂಡತಿ ಸೀರೆ ಬದಲಿಸಿ, ಆಟೋ ಕರೆಸಿ, ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುಡಿಯುತ್ತೀರಾ ಎಂದು ಕೇಳಿದರು. “ಸ್ವಲ್ಪರಿ ಮೇಡಂ,” ಎಂದೆ. “ಗೆಳೆಯರು ಸೇರಿದಾಗ ಅಷ್ಟ.”

ಪಕ್ಕದಲ್ಲಿದ್ದ ಹೆಂಡತಿ, “ಈ ವಾರ ಗೆಳೆಯರು ಊರಾಗಿಲ್ರಿ ಮೇಡಂ,” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯ ವಯಸ್ಸು ಹೇಳುವಂತೆ ಹೇಳಿದಳು. ನನಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಆಮೇಲೆ ಎಲ್ಲವನ್ನೂ ಹೇಳಿದೆ, ದಿನಕ್ಕೆ ಎಷ್ಟು ಎಂಬುದನ್ನೂ ಹೇಳಿದೆ. ಡಾಕ್ಟರು ಬಯ್ಯಲಿಲ್ಲ. ದಿನಾ ಕುಡಿಯುವ ದೇಹಕ್ಕೆ ಒಮ್ಮೆಲೇ ನಿಲ್ಲಿಸುವುದು ಅಪಾಯ, ಫಿಟ್ಸ್ ಕೂಡ ಬರಬಹುದು, ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ನಾಲ್ಕು ದಿನ ಒಳಗಿಟ್ಟುಕೊಂಡು ಮಾತ್ರೆ ಕೊಟ್ಟರು. ಹೊರಡುವಾಗ, ಹರಪನಹಳ್ಳಿಯಲ್ಲಿ ಕುಡಿತ ಬಿಟ್ಟವರು ಪ್ರತಿ ಭಾನುವಾರ ಸೇರುತ್ತಾರೆ, ಹೋಗಿ ಬನ್ನಿ ಎಂದು ವಿಳಾಸ ಬರೆದುಕೊಟ್ಟರು.

ಮೊದಲ ಭಾನುವಾರ ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಪರಿಚಯದವರೊಬ್ಬರು ಸಿಕ್ಕು, ಎಲ್ಲಿಗೆ ಹೊರಟೆ ಎಂದು ಕೇಳಿದರು. ಹೆಣ್ಣು ನೋಡಲಿಕ್ಕೆ ಎಂದುಬಿಟ್ಟೆ. ಯಾರಿಗೆ ಎಂದು ಅವರು ಕೇಳುವಷ್ಟರಲ್ಲಿ ಬಸ್ಸು ಹತ್ತಿದೆ.

ಹರಪನಹಳ್ಳಿಯ ಸಭೆಯಲ್ಲಿ ಹದಿನೈದು ಜನ ಇದ್ದರು. ಕುರಿ ಕಾಯುವ ಹಿರಿಯರೊಬ್ಬರು ನನಗೆ ಜಾಗ ಮಾಡಿಕೊಟ್ಟರು. ನನ್ನ ಸರದಿ ಬಂದಾಗ, ನಾನು ಜೊತೆಗಾಗಿ ಕುಡಿಯುತ್ತಿದ್ದವನು ಎಂದೇ ಶುರು ಮಾಡಿದೆ. ಆ ಹಿರಿಯರು ಮೆಲ್ಲಗೆ ಹೇಳಿದರು: “ನಾನೂ ಜೊತಿಗಂತಾನೇ ಕುಡಿದೋನಪ್ಪ. ಜೊತಿಗಿದ್ದೋರು ಯಾವಾಗ ಎದ್ದು ಹೋದ್ರೋ ಗೊತ್ತೇ ಆಗ್ಲಿಲ್ಲ.”

ಗೆಳೆಯರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಬಟ್ಟೆ ಅಂಗಡಿಯಲ್ಲಿ ಕೂತು ಹೇಳಿದೆ. ಬಟ್ಟೆ ಅಂಗಡಿಯವ ನನ್ನ ಭುಜ ಹಿಡಿದುಕೊಂಡ. ಮಾಸ್ತರ ಮುಂದೆ ಹರವಿದ್ದ ಸೀರೆಯೊಂದರ ಅಂಚು ಮಡಚಿಟ್ಟ. “ನಮಗ ಮೊದಲ ಗೊತ್ತಿತ್ತಲೇ,” ಎಂದ. “ನಿನಗ ಹೇಳಿದ್ರ ನಾವೂ ಬಿಡಬೇಕಾಗ್ತೈತಿ ಅಂತ ಸುಮ್ನಿದ್ವಿ.” ಅಷ್ಟು ಪ್ರಾಮಾಣಿಕವಾಗಿ ಅವನು ನನ್ನೊಂದಿಗೆ ಕುಡಿದಾಗಲೂ ಮಾತಾಡಿರಲಿಲ್ಲ.

ಒಮ್ಮೆ ಜಾರಿದೆ. ಹಡಗಲಿಯಲ್ಲಿ ಮದುವೆ, ಬೀಗರ ಕಡೆಯವರು ಬಿಡಲಿಲ್ಲ ಎಂಬ ಹಳೆಯ ಕಾರಣ. ಮರುದಿನ ಬೆಳಿಗ್ಗೆಯೇ ಹೆಂಡತಿಗೆ ಹೇಳಿದೆ, ಆ ಹಿರಿಯರಿಗೂ ಫೋನು ಮಾಡಿದೆ. ಭಾನುವಾರದ ತನಕ ಕಾಯಬೇಡ ಎಂದು ಅವರು ತಾವೇ ಬಸ್ಸು ಹತ್ತಿ ಬಂದು, ಸಂಜೆಯವರೆಗೂ ಅಂಗಡಿಯಲ್ಲಿ ಕೂತು ಕುರಿಗಳ ಸುದ್ದಿ ಹೇಳಿದರು. ಅದಾಗಿ ಹದಿನಾಲ್ಕು ತಿಂಗಳಾಯಿತು.

ಈಗ ನಾವು ಮೂವರು ಸೇರುವುದು ಬೆಳಗಿನ ಹೊತ್ತು, ಮಂಡಕ್ಕಿ ಮಿರ್ಚಿಗೆ. ಮೊನ್ನೆ ತಿಂದು ಮುಗಿಸಿ ಬಟ್ಟೆ ಅಂಗಡಿಯವ ಎದ್ದು ಹೋದಮೇಲೆ ಮಾಸ್ತರ ಹಿಂದೆಯೇ ಉಳಿದ. ಭಾನುವಾರ ಹರಪನಹಳ್ಳಿಗೆ ಎಷ್ಟು ಗಂಟೆಗೆ ಹೋಗುತ್ತೀ ಎಂದು ಕೇಳಿದ. ಏಳೂವರೆಗೆ ಎಂದೆ. ಅವನು ಫೋನು ತೆಗೆದು ಭಾನುವಾರ ಆರೂವರೆಗೆ ಅಲಾರಂ ಇಟ್ಟುಕೊಂಡ.